ಭಾಗವತರ ದನಿ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡಿದೆ: ಮನೆಯಲ್ಲೇ ಕಟ್ಟಿದ ಸ್ಪೀಕರಿಗೆ ಸಲಹೆ ಬೇಕು

ಮಲೆನಾಡ ಕಿವಿ, ಸಾಗರ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ನಿಮ್ಮೆಲ್ಲರ ಬರಹ ಓದುತ್ತಾ ಬಂದಿದ್ದೇನೆ, ನಾನೇ ಬರೆಯುತ್ತಿರುವುದು ಇದು ಮೊದಲ ಸಲ. ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ.

ನಮ್ಮ ಅಪ್ಪಯ್ಯ ಮದ್ದಳೆ ಬಾರಿಸುತ್ತಿದ್ದವರು. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ನಮ್ಮ ಕಡೆ ತಾಳಮದ್ದಳೆ ಶುರುವಾಗುತ್ತದೆ, ವೇಷ ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ಪ್ರಸಂಗ ನಡೆಸುವುದು. ಅಪ್ಪಯ್ಯ ಹೋದಲ್ಲೆಲ್ಲ ಟೂ ಇನ್ ವನ್ (ರೇಡಿಯೊ, ಟೇಪ್ ರೆಕಾರ್ಡರ್ ಎರಡೂ ಇರುವ ಪೆಟ್ಟಿಗೆ) ಹೊತ್ತುಕೊಂಡು ಹೋಗಿ ರೆಕಾರ್ಡ್ ಮಾಡಿದ್ದಾರೆ. 1984ರಿಂದ 1993ರವರೆಗಿನ 41 ಕ್ಯಾಸೆಟ್ ಮನೆಯಲ್ಲಿವೆ. ಈಗ ಅವರಿಗೆ 79 ವರ್ಷ, ಕೈ ನಡುಗುತ್ತದೆ, ಮದ್ದಳೆ ಮುಟ್ಟುವುದಿಲ್ಲ. ಆ ಕ್ಯಾಸೆಟ್‌ಗಳನ್ನು ಅವರಿಗೆ ಸರಿಯಾಗಿ ಕೇಳಿಸಬೇಕು ಅಂತಲೇ ನಾನು ಸೋಲ್ಡರಿಂಗ್ ಐರನ್ ಕೈಗೆ ತೆಗೆದುಕೊಂಡದ್ದು.

ಆಂಪ್ಲಿಫೈಯರ್ ಆಗಿದೆ. ಎಲ್‌ಎಂ3886 ಅನ್ನುವ ಆಂಪ್ ಐಸಿ ಎರಡು, 18-0-18 ವೋಲ್ಟ್ ಟ್ರಾನ್ಸ್‌ಫಾರ್ಮರ್. ಮೊದಲು ಆನ್‌ಲೈನ್‌ನಲ್ಲಿ ತರಿಸಿದ ಎರಡು ಐಸಿ ನಕಲಿ ಬಂದು ಹತ್ತೇ ನಿಮಿಷಕ್ಕೆ ಸುಟ್ಟುಹೋದವು. ಆಮೇಲೆ ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಲ್ಲಿ ಕೈಯಾರೆ ನೋಡಿ ತಂದೆ. ಈಗ ಹಮ್ ಇಲ್ಲ, ಬಿಸಿಯೂ ಹದವಾಗಿದೆ.

ತೊಂದರೆ ಇರುವುದು ಸ್ಪೀಕರಿನಲ್ಲಿ. ಕೆಳಗಿನ ಸ್ವರಕ್ಕೆ 5 ಇಂಚಿನ ವೂಫರ್, ಮೇಲಿನ ಸ್ವರಕ್ಕೆ 1 ಇಂಚಿನ ರೇಷ್ಮೆ ಡೋಮ್ ಟ್ವೀಟರ್, 18 ಎಂಎಂ ಪ್ಲೈವುಡ್ ಪೆಟ್ಟಿಗೆ, ಮುಂಭಾಗದ ಅಗಲ 20 ಸೆಂಟಿಮೀಟರ್. ಸ್ವರಗಳನ್ನು ಇವೆರಡಕ್ಕೆ ಹಂಚುವ ಕ್ರಾಸ್‌ಓವರ್ ರೆಡಿಮೇಡ್ ಬೋರ್ಡ್, ಮೇಲೆ 3000 ಹರ್ಟ್ಜ್, 8 ಓಮ್ ಅಂತ ಬರೆದಿದೆ. ಮದ್ದಳೆ ತುಂಬಾ ಚೆನ್ನಾಗಿ ಬರುತ್ತಿದೆ, ಪೆಟ್ಟು ಪೆಟ್ಟೂ ಬಿಡಿಬಿಡಿ. ಆದರೆ ಭಾಗವತರ ದನಿ ಪೆಟ್ಟಿಗೆ ಬಿಟ್ಟು ಹೊರಗೇ ಬರುವುದಿಲ್ಲ. ಮೈ ಇಲ್ಲದ ದನಿ, ಅಕ್ಷರವೂ ಮಬ್ಬು. ಪಾತ್ರಗಳ ಮಾತಾಡುವ ಅರ್ಥಧಾರಿಗಳ ಮಾತಿನ ನಡುವೆ ಅಪ್ಪಯ್ಯ ಎರಡು ಸಲ “ಎಂತ ಹೇಳ್ದ?” ಅಂತ ಕೇಳಿದರು. ಹಳೇ ಟೂ ಇನ್ ವನ್‌ನಲ್ಲಿ ಅವರು ಹಾಗೆ ಕೇಳಿದ್ದೇ ಇಲ್ಲ. ಎಲ್ಲಿ ಎಡವಿದ್ದೇನೆ?

ಎಸ್‌ಪಿ ರೋಡ್ ಹಳಬ, ಬೆಂಗಳೂರು

ಸರ್, ಮೊದಲು ಒಂದೇ ಪ್ರಶ್ನೆ. ಬೋರ್ಡಿನ ಪ್ಲಸ್ಸನ್ನು ಟ್ವೀಟರ್ ಪ್ಲಸ್ಸಿಗೇ ಕೊಟ್ಟಿದ್ದೀರಾ? ಹಾಗಿದ್ದರೆ ಆಂಪ್ ಆಫ್ ಮಾಡಿ, ಟ್ವೀಟರಿನ ಎರಡು ವಯರ್ ಅದಲು ಬದಲು ಮಾಡಿ ಕೇಳಿ. ಬೇರೆ ಏನನ್ನೂ ಸದ್ಯಕ್ಕೆ ಮುಟ್ಟಬೇಡಿ.

ಬೋರ್ಡಿನಲ್ಲಿ ವೂಫರ್ ಕಡೆ ಒಂದು ಕಾಯಿಲ್, ಒಂದು ಕೆಪಾಸಿಟರ್, ಟ್ವೀಟರ್ ಕಡೆಗೂ ಹಾಗೇ ಒಂದೊಂದು ಇದ್ದರೆ ಅದು 12 ಡಿಬಿ ಇಳಿಜಾರಿನದು, ಅಂದರೆ ಹಂಚುವ ಜಾಗ ದಾಟಿದ ಮೇಲೆ ಸದ್ದು ಪ್ರತಿ ಆಕ್ಟೇವಿಗೆ 12 ಡೆಸಿಬಲ್ ಇಳಿಯುತ್ತದೆ. ಅಂಥದರಲ್ಲಿ ಕ್ರಾಸ್‌ಓವರ್ ಜಾಗದಲ್ಲಿ ಎರಡೂ ಒಂದಕ್ಕೊಂದು 180 ಡಿಗ್ರಿ ಎದುರಾಗಿ ನಿಲ್ಲುತ್ತವೆ. ವೂಫರ್ ಗಾಳಿಯನ್ನು ನೂಕುವ ಹೊತ್ತಿಗೆ ಟ್ವೀಟರ್ ಎಳೆಯುತ್ತಿರುತ್ತದೆ. 3000 ಹರ್ಟ್ಜ್ ಆಸುಪಾಸು ಒಂದರ ಸದ್ದನ್ನು ಇನ್ನೊಂದು ತಿಂದುಹಾಕುತ್ತದೆ. ಮಾತಿನ ವ್ಯಂಜನಗಳ ಸ್ಪಷ್ಟತೆ ಇರುವುದೇ ಆ ಭಾಗದಲ್ಲಿ.

ಹಲಸಿನ ಹಲಗೆ, ದೊಡ್ಡಬಳ್ಳಾಪುರ

ನಾನು ಮರಗೆಲಸದವನು, ಕರೆಂಟಿನ ವಿಷಯ ಹಳಬರಿಗೇ ಬಿಟ್ಟೆ. ಪೆಟ್ಟಿಗೆ ಬಗ್ಗೆ ಹೇಳುತ್ತೇನೆ.

ನಮ್ಮ ತಾಲ್ಲೂಕಿನ ಸಿಂಪಾಡಿಪುರದಲ್ಲಿ ವೀಣೆ ಮಾಡುತ್ತಾರೆ. ಹಲಸಿನ ಮರ. ಕೊಡವನ್ನು ಒಳಗಿನಿಂದ ಕೆತ್ತುತ್ತಾ ಬೆರಳಿನಿಂದ ತಟ್ಟಿ ತಟ್ಟಿ ನೋಡುತ್ತಾರೆ. ಮರ ಹಾಡಬೇಕು, ಅದೇ ಅವರ ಲೆಕ್ಕ. ಸ್ಪೀಕರ್ ಪೆಟ್ಟಿಗೆಗೆ ಇದು ಪೂರ್ತಿ ತಿರುವು ಮುರುವು. ಹಾಡುವುದು ಕೋನ್ ಮಾತ್ರ, ಮರ ಬಾಯಿ ಮುಚ್ಚಿಕೊಂಡಿರಬೇಕು. ಹೊಸಬರು ಅನೇಕರು ತೇಗ ಹಾಕಿದರೆ, ಹಲಸು ಹಾಕಿದರೆ ನಾದ ಬರುತ್ತದೆ ಅಂದುಕೊಂಡು ನನ್ನ ಹತ್ತಿರ ಬರುತ್ತಾರೆ. ಬರುವ ಆ ನಾದ ಎಲ್ಲ ಹಾಡಿಗೂ ಒಂದೇ ಸ್ವರ ಸೇರಿಸುತ್ತದೆ, ಅದು ಬೇಡ.

ಪೆಟ್ಟಿಗೆಯ ಪಕ್ಕದ ಹಲಗೆಯ ನಟ್ಟನಡುವೆ ಬೆರಳ ಗಂಟಿನಿಂದ ಬಡಿಯಿರಿ. “ಟಕ್” ಅಂದರೆ ಸರಿ. “ಡೊಂಯ್” ಅಂತ ಎಳೆದರೆ ಒಳಗೆ ಎರಡು ಪಕ್ಕಕ್ಕೂ ತಾಗುವಂತೆ ಒಂದು ಅಡ್ಡಪಟ್ಟಿ ಕೊಡಿ, ನಟ್ಟನಡುವೆ ಬೇಡ, ಸ್ವಲ್ಪ ಆಚೀಚೆ.

ಸಾಗರದ ಮಳೆಗೆ ಎಂಡಿಎಫ್ ಹಾಕದೇ ಇದ್ದದ್ದು ಒಳ್ಳೆಯದಾಯಿತು. ಕತ್ತರಿಸಿದ ಅಂಚು ತೇವ ಕುಡಿದು ಬಿಸ್ಕತ್ತಿನ ಹಾಗೆ ಉಬ್ಬುತ್ತದೆ. ಪ್ಲೈ ತರುವಾಗ ಮೇಲೆ ಐಎಸ್ 710 ಮುದ್ರೆ ನೋಡಿ, ಅದು ಮೆರೈನ್ ಪ್ಲೈ. ಒಳಗೆ ತುಂಬಲು ಫೋಮ್ ಯಾಕೆ, ನಿಮ್ಮ ಕಡೆ ಕುರಿ ಉಣ್ಣೆಯ ಕಂಬಳಿ ಸಿಗುತ್ತದಲ್ಲ? ಹಳೇ ಕಂಬಳಿ ಬಿಡಿಸಿ ತೆಳು ಬಟ್ಟೆಯ ಚೀಲಕ್ಕೆ ತುಂಬಿ ಹಿಂದಿನ ಗೋಡೆಗೆ ಹೊಡೆಯಿರಿ. ಪೆಟ್ಟಿಗೆಗೆ ಪೋರ್ಟ್, ಅಂದರೆ ಗಾಳಿ ಆಡುವ ತೂತು, ಇದ್ದರೆ ಅದರ ಬಾಯಿ ಮಾತ್ರ ಬಿಡುವಾಗಿರಲಿ.

ತಂಬೂರಿ, ಧಾರವಾಡ

ನಮಸ್ಕಾರ್ರಿ ಸರ್. ನಾ ಧಾರವಾಡದಾಕಿ. ಕಾಯಿಲ್, ಕೆಪಾಸಿಟರ್ ನನಗ ತಿಳಿಯೂದಿಲ್ಲ, ಆದ್ರ ಮನ್ಯಾಗ ಮೂರು ತಲಿಯಿಂದ ಹಿಂದೂಸ್ತಾನಿ ಕೇಳ್ಕೋತ ಬಂದೇವಿ.

ಹೊಸ ಸ್ಪೀಕರ್ ಬಂದ ದಿವಸ ನಮ್ಮ ಮನ್ಯಾಗ ಮೊದಲ ಹಚ್ಚೂದು ಗಂಗೂಬಾಯಿ ಹಾನಗಲ್ ಅವರ ದನಿ. ಆ ದನಿಗೆ ಬುಡ ಅದ. ಸ್ಪೀಕರ್ ಕೆಳಗ ತೆಳು ಇದ್ರ ಆ ದನಿ ಬ್ಯಾರೆ ಯಾರದೋ ಆಗಿಬಿಡ್ತದ. ಮ್ಯಾಲೆ ಚುರುಕು ಜಾಸ್ತಿ ಇದ್ರ ತಂಬೂರಿ ತಂತಿ ತಗಡಿನಂಗ ಕೇಳಸ್ತದ. ಎರಡೂ ಸ್ಪೀಕರ್ ಹಚ್ಚಬ್ಯಾಡ್ರಿ, ಒಂದ ಹಚ್ಚಿ ಕೇಳ್ರಿ. ಎರಡು ಕೂಡಿದ್ರ ಕಿವಿಗೆ ಛಂದ ಅನಿಸಿ ತಪ್ಪು ಮುಚ್ಚಿ ಹೋಗ್ತಾವ.

ಇನ್ನೊಂದು ಮಾತ್ರಿ. ಟೂ ಇನ್ ವನ್‌ದಾಗ ಅಪ್ಪಾರಿಗೆ ಮಾತು ತಿಳೀತಿತ್ತಂದ್ರ ಅದರಾಗ ಇದ್ದದ್ದು ಒಂದ ಸಣ್ಣ ಸ್ಪೀಕರ್, ಕ್ರಾಸ್‌ಓವರ್ ಅಂಬೋದ ಇಲ್ಲ. ದನಿ ಒಡೀತಿದ್ದಿಲ್ಲ. ಅಪ್ಪಾರ ಕಿವಿಯನ್ನ ನಂಬ್ರಿ.

ಮಲೆನಾಡ ಕಿವಿ, ಸಾಗರ

ಹಳಬರೇ, ಟ್ವೀಟರ್ ವಯರ್ ತಿರುಗಿಸಿದೆ. ಹೌದು, ಪ್ಲಸ್ಸಿಗೆ ಪ್ಲಸ್ಸೇ ಕೊಟ್ಟಿದ್ದೆ, ಅದೇ ಸರಿ ಅಂದುಕೊಂಡಿದ್ದೆ. ವ್ಯತ್ಯಾಸ ಅಡುಗೆಮನೆಯಲ್ಲಿದ್ದ ಅಮ್ಮನಿಗೂ ಗೊತ್ತಾಯಿತು. ಮಾತು ಬಿಡಿಸಿಕೊಂಡಿತು.

ತಂಬೂರಿ ಅಕ್ಕ ಹೇಳಿದ ಹಾಗೆ ಒಂದೇ ಸ್ಪೀಕರ್ ಇಟ್ಟು ಕೇಳಿದೆ. ಈಗ ಅಕ್ಷರ ಇದೆ, ಬುಡ ಇಲ್ಲ. ಭಾಗವತರು ಕೆಳಗಿನ ಸ್ವರಕ್ಕೆ ಇಳಿದ ಕೂಡಲೇ ದನಿ ಹಿಂದೆ ಸರಿದು ಹೋಗುತ್ತದೆ, ಮೇಲೆ ಹೋದರೆ ಎದುರಿಗೆ ಬಂದು ನಿಲ್ಲುತ್ತದೆ. ಹಲಗೆ ಬಡಿದು ನೋಡಿದೆ, “ಟಕ್” ಅನ್ನುತ್ತದೆ. ವೂಫರ್ ಹಾಳೆಯಲ್ಲಿ ಕೊಟ್ಟ ಅಂಕಿ: ಡಿಸಿ ರೆಸಿಸ್ಟೆನ್ಸ್ 6 ಓಮ್, ಇಂಡಕ್ಟೆನ್ಸ್ 0.6 ಮಿಲಿಹೆನ್ರಿ. ಬೋರ್ಡಿನ ಮೇಲೆ ಕಾಯಿಲ್ 0.6 ಮಿಲಿಹೆನ್ರಿ, ಕೆಪಾಸಿಟರ್ 4.7 ಮೈಕ್ರೊಫ್ಯಾರಡ್.

ಕಾಯಿಲ್ ಸುತ್ತುವವಳು, ಮೈಸೂರು

ಸರ್, ಅಂಕಿ ಕೊಟ್ಟದ್ದು ಒಳ್ಳೆಯದಾಯಿತು. ಇಲ್ಲಿ ಎರಡು ಬೇರೆ ಬೇರೆ ತೊಂದರೆ ಒಂದರ ಮೇಲೊಂದು ಕೂತಿವೆ.

ಮೊದಲನೆಯದು ಬೋರ್ಡ್. 0.6 ಮತ್ತು 4.7 ಅನ್ನುವುದು 3000 ಹರ್ಟ್ಜ್‌ಗೆ 8 ಓಮ್ ಇಟ್ಟು ಸೂತ್ರದಲ್ಲಿ ತೆಗೆದ ಬೆಲೆ, ಲೆಕ್ಕದಲ್ಲಿ ಏನೂ ತಪ್ಪಿಲ್ಲ. ಆದರೆ ಆ ಸೂತ್ರ ಸದಾ 8 ಓಮ್ ಇರುವ ಒಂದು ರೆಸಿಸ್ಟರಿಗೆ ಬರೆದದ್ದು. ನಿಮ್ಮ ವೂಫರ್ ರೆಸಿಸ್ಟರ್ ಅಲ್ಲ. ಅದರ ವಾಯ್ಸ್ ಕಾಯಿಲ್ ಕೂಡ ಒಂದು ಕಾಯಿಲ್ಲೇ ತಾನೇ? ಸ್ವರ ಏರಿದಂತೆ ಅದರ ಅಡ್ಡಿಯೂ ಏರುತ್ತದೆ. 6 ಓಮ್, 0.6 ಮಿಲಿಹೆನ್ರಿ ಇಟ್ಟು ಲೆಕ್ಕ ಹಾಕಿದರೆ 3000 ಹರ್ಟ್ಜ್‌ನಲ್ಲಿ ಅದು ಹತ್ತಿರ ಹತ್ತಿರ 13 ಓಮ್. ಬೋರ್ಡು 8 ಅಂತ ನಂಬಿ ಕೂತಿದೆ, ಎದುರಿಗಿರುವುದು 13. ಹಾಗಾಗಿ ವೂಫರ್ ಇಳಿಯಬೇಕಾದ ಜಾಗದಲ್ಲಿ ಇಳಿಯದೆ ಟ್ವೀಟರಿನ ಸೀಮೆಗೆ ನುಗ್ಗುತ್ತದೆ.

ಇದಕ್ಕೆ ಮದ್ದು ಜೋಬೆಲ್. ವೂಫರಿನ ಎರಡು ತುದಿಗೆ ಅಡ್ಡಲಾಗಿ ಒಂದು ರೆಸಿಸ್ಟರ್, ಅದರ ಜೊತೆ ಸರಣಿಯಲ್ಲಿ ಒಂದು ಕೆಪಾಸಿಟರ್. ರೆಸಿಸ್ಟರ್ ಅಂದರೆ ಡಿಸಿ ರೆಸಿಸ್ಟೆನ್ಸಿನ 1.25 ಪಟ್ಟು, ನಿಮಗೆ 7.5 ಓಮ್. ಸಿಗದಿದ್ದರೆ 8.2, 10 ವಾಟಿನ ವೈರ್‌ವೂಂಡ್. ಕೆಪಾಸಿಟರ್ 10 ಮೈಕ್ರೊಫ್ಯಾರಡ್. ದುಬಾರಿ ಆಡಿಯೊ ಕೆಪಾಸಿಟರ್ ಹುಡುಕಬೇಡಿ, ಸೀಲಿಂಗ್ ಫ್ಯಾನಿನ 2.5 ಮೈಕ್ರೊಫ್ಯಾರಡ್ ಕೆಪಾಸಿಟರ್ ನಾಲ್ಕು ಸಮಾನಾಂತರ ಸೇರಿಸಿದರೆ 10 ಆಯಿತು. ಅದೂ ಪಾಲಿಪ್ರೊಪಿಲೀನ್ ಫಿಲ್ಮೇ, 440 ವೋಲ್ಟ್ ತಡೆಯುತ್ತದೆ, ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ. ನನ್ನ ಮನೆಯ ಸ್ಪೀಕರಿನಲ್ಲಿ ಆರು ವರ್ಷದಿಂದ ಅವೇ ಇವೆ.

ಎರಡನೆಯದು ನೀವು ಹೇಳುವ ಬುಡ. ಮೇಲಿನ ಸ್ವರಗಳಿಗೆ ಪೆಟ್ಟಿಗೆಯ ಮುಂಭಾಗ ಗೋಡೆಯಂತೆ ನಿಂತು ಸದ್ದನ್ನೆಲ್ಲ ನಿಮ್ಮ ಕಡೆಗೇ ಕಳಿಸುತ್ತದೆ. ಕೆಳಗಿನ ಸ್ವರದ ಅಲೆ ಉದ್ದ, ಪೆಟ್ಟಿಗೆಯನ್ನು ಬಳಸಿಕೊಂಡು ಹಿಂದಕ್ಕೂ ಹೋಗುತ್ತದೆ, ಎದುರಿಗೆ ಕೂತವರಿಗೆ ಕಡಿಮೆಯಾಗುತ್ತದೆ. 115 ಅನ್ನು ಮೀಟರಿನಲ್ಲಿರುವ ಅಗಲದಿಂದ ಭಾಗಿಸಿದರೆ ಈ ಬದಲಾವಣೆ ನಡೆಯುವ ಜಾಗ ಅಂದಾಜು ಸಿಗುತ್ತದೆ. ನಿಮಗೆ 0.2, ಅಂದರೆ 575 ಹರ್ಟ್ಜ್. ಗಂಡಸರ ಹಾಡಿನ ನಟ್ಟನಡುವೆ! ಬಯಲಿನಲ್ಲಾದರೆ ಪೂರ್ತಿ 6 ಡಿಬಿ ಹೋಗುತ್ತದೆ, ಗೋಡೆಗೆ ಹತ್ತಿರ ಇಟ್ಟರೆ ಅಷ್ಟು ಹೋಗುವುದಿಲ್ಲ.

ವೂಫರಿನ 0.6 ಕಾಯಿಲ್ ತೆಗೆದು 1.2 ಹಾಕಿ ಕೇಳಿ. ನಡುವಿನ ಸ್ವರ ಕೊಂಚ ತಗ್ಗಿ ಕೆಳಗಿನದು ಅದಕ್ಕೆ ಸಮನಾಗಿ ಬರುತ್ತದೆ. ಆಗ ಟ್ವೀಟರ್ ಜೋರೆನಿಸುತ್ತದೆ, ಅದಕ್ಕೆ 2.2 ಓಮ್ ಸರಣಿಯಲ್ಲಿ, ಟ್ವೀಟರಿಗೆ ಅಡ್ಡಲಾಗಿ 18 ಓಮ್ ಕೊಟ್ಟರೆ ಸುಮಾರು 3 ಡಿಬಿ ಇಳಿಯುತ್ತದೆ. ಇಷ್ಟಾದ ಮೇಲೆ ಟ್ವೀಟರನ್ನು ಎರಡೂ ರೀತಿ ತಿರುಗಿಸಿ ಮತ್ತೊಮ್ಮೆ ಕೇಳಲೇಬೇಕು, ಏಕೆಂದರೆ ಬೆಲೆ ಬದಲಾದರೆ 180 ಡಿಗ್ರಿಯ ಲೆಕ್ಕವೂ ಅಲ್ಲಾಡುತ್ತದೆ. ಮೈಕ್ ಇದ್ದರೆ ರೂಮ್ ಇಕ್ಯೂ ವಿಝಾರ್ಡ್ ತಂತ್ರಾಂಶ ಉಚಿತ, ಅಳೆದು ಬಿಡಿ.

ಕಾಯಿಲ್ ಕೊಳ್ಳಬೇಡಿ, ಸುತ್ತಿ. ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡುವವರ ಹತ್ತಿರ 18 ಗೇಜಿನ ಎನಾಮೆಲ್ ತಂತಿ ಇರುತ್ತದೆ. ತೆಳು ತಂತಿ ಹಾಕಿದರೆ ಕಾಯಿಲ್ಲೇ ರೆಸಿಸ್ಟರ್ ಆಗಿ ಬಾಸ್ ಸಡಿಲವಾಗುತ್ತದೆ. ವೂಫರಿನ ಕಾಯಿಲ್ ಮಲಗಿದ್ದರೆ ಟ್ವೀಟರಿನದು ನಿಂತಿರಲಿ, ಎರಡೂ ದೂರ ಇರಲಿ, ಇಲ್ಲದಿದ್ದರೆ ಒಂದರೊಳಗಿನದು ಇನ್ನೊಂದಕ್ಕೆ ಹಾರುತ್ತದೆ.

ಹೊಸ ಕಿವಿ, ತುಮಕೂರು

ಮೇಡಂ, ಸರ್, ಮಧ್ಯೆ ಬರುತ್ತಿರುವುದಕ್ಕೆ ಕ್ಷಮೆ ಇರಲಿ. ನಾನು ಬಿ.ಕಾಂ ಎರಡನೇ ವರ್ಷ. ಎಲೆಕ್ಟ್ರಾನಿಕ್ಸ್ ಓದಿಲ್ಲ. ನನಗೆ ಹಳೇ ರೇಡಿಯೊದಲ್ಲಿದ್ದಂಥ ಗಾಜಿನ ವಾಲ್ವ್‌ಗಳ ಆಂಪ್ ಕಟ್ಟಬೇಕೆಂಬ ಆಸೆ, ಆ ಕಿತ್ತಳೆ ಬೆಳಕು ನೋಡಿದರೆ ನಿದ್ದೆ ಬರುವುದಿಲ್ಲ. ನನ್ನಂಥವನಿಗೆ ಆಗುತ್ತದಾ? 5,000 ರೂಪಾಯಿ ಕೂಡಿಟ್ಟಿದ್ದೇನೆ.

ಜಾಲಹಳ್ಳಿ ವಾಲ್ವ್, ಬೆಂಗಳೂರು

ಖಂಡಿತ ಆಗುತ್ತದಪ್ಪಾ. ಆದರೆ ಮೊದಲನೆಯದೇ ವಾಲ್ವ್ ಬೇಡ, ಕಾರಣ ಹೇಳುತ್ತೇನೆ.

ನಾನು ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಕಾರ್ಖಾನೆಯ ಸುತ್ತಮುತ್ತ ಬೆಳೆದವನು. ಅರವತ್ತರ ದಶಕದಲ್ಲಿ ಅಲ್ಲಿ ರೇಡಿಯೊ ವಾಲ್ವ್ ತಯಾರಾಗುತ್ತಿತ್ತು. ಬಿಇಎಲ್ ಎಂದು ಅಚ್ಚಾದ ಇಎಲ್84 ವಾಲ್ವ್ ನನ್ನ ಹತ್ತಿರ ಈಗಲೂ ನಾಲ್ಕಿವೆ. ಹತ್ತಿಯಲ್ಲಿ ಸುತ್ತಿ ಇಟ್ಟಿದ್ದೇನೆ. ಒಂದು ಇಎಲ್84 ಒಂದೇ ದುಡಿಯುವ ಸಿಂಗಲ್ ಎಂಡೆಡ್ ಆಂಪಿನಲ್ಲಿ 5 ವಾಟ್ ಆಸುಪಾಸು ಕೊಡುತ್ತದೆ, ಸಣ್ಣ ಕೋಣೆಗೆ ಅಷ್ಟು ಬೇಕಾದಷ್ಟಾಯಿತು.

ಆದರೆ ಅದರ ಪ್ಲೇಟಿಗೆ 250 ವೋಲ್ಟ್ ಡಿಸಿ ಬೇಕು. ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರಿನಲ್ಲಿ ಅದು ಕೂತೇ ಇರುತ್ತದೆ. ಆ ಕರೆಂಟನ್ನು ಮೆಲ್ಲಗೆ ಬರಿದು ಮಾಡುವ ಬ್ಲೀಡರ್ ರೆಸಿಸ್ಟರ್ ಹಾಕದೆ ಬಿಟ್ಟ ಒಂದು ಆಂಪನ್ನು ರಿಪೇರಿ ಮಾಡುವಾಗ ನನ್ನನ್ನು ಅದು ಗೋಡೆಗೆ ಒಗೆದಿತ್ತು, ಬಲಗೈ ಎರಡು ದಿನ ಜೋಮು. ಅಂದಿನಿಂದ ವಾಲ್ವ್ ಚಾಸಿ ಮುಟ್ಟುವಾಗ ಎಡಗೈ ಜೇಬಿನಲ್ಲಿ, ಮೊದಲು ಮೀಟರ್ ಹಚ್ಚಿ ಸೊನ್ನೆ ನೋಡಿದ ಮೇಲೇ ಬೆರಳು. ಜೊತೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಒಂದಕ್ಕೇ ನಿನ್ನ 5,000 ಕರಗಿಹೋದೀತು.

ಈಗ ಒಂದು ಟಿಪಿಎ3116 ಐಸಿಯ ರೆಡಿಮೇಡ್ ಆಂಪ್ ಬೋರ್ಡ್ ತಗೋ, ಹಳೇ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್ ಅದಕ್ಕೆ ಸಾಕು. ಎಲ್ಲ ಸ್ವರವನ್ನೂ ಒಂದೇ ಕೋನ್ ನುಡಿಸುವ 4 ಇಂಚಿನ ಫುಲ್‌ರೇಂಜ್ ಸ್ಪೀಕರ್ ಒಂದು ಜೊತೆ. ಕ್ರಾಸ್‌ಓವರ್ ಬೇಕಿಲ್ಲ. ಪೆಟ್ಟಿಗೆ ನೀನೇ ಮಾಡು. ಆ ಪೆಟ್ಟಿಗೆಯಲ್ಲಿ ಕಲಿತದ್ದು ನಾಳೆ ವಾಲ್ವಿಗೂ ಬರುತ್ತದೆ. ಮುಂದೆ ಕರೆಂಟಿಗೆ ನೇರ ಸಿಗಿಸುವ ಏನನ್ನೇ ಕಟ್ಟಿದರೂ ಮೊದಲ ಸಲ 100 ವಾಟ್ ಬಲ್ಬನ್ನು ಸೀರೀಸಿನಲ್ಲಿ ಹಾಕಿ ಆನ್ ಮಾಡು, ಹಳೇ ಫಿಲಮೆಂಟ್ ಬಲ್ಬ್, ಎಲ್‌ಇಡಿ ಅಲ್ಲ. ಬಲ್ಬ್ ಒಮ್ಮೆ ಮಿನುಗಿ ಮಂಕಾದರೆ ಸರಿ. ಪೂರ್ತಿ ಉರಿಯುತ್ತಿದ್ದರೆ ಎಲ್ಲೋ ಶಾರ್ಟ್ ಇದೆ. ಬಲ್ಬ್ ಉರಿಯಿತು, ನಿನ್ನ ಟ್ರಾನ್ಸ್‌ಫಾರ್ಮರ್ ಉಳಿಯಿತು.

ಬಿಡುವಾದಾಗ ಜಾಲಹಳ್ಳಿ ಕಡೆ ಬಾ, ಇಎಲ್84 ಉರಿಸಿ ತೋರಿಸುತ್ತೇನೆ.

ಕಾಯಿಲ್ ಸುತ್ತುವವಳು, ಮೈಸೂರು

ತುಮಕೂರಿನ ತಮ್ಮನಿಗೆ ಒಂದು ಮಾತು. 1935ರಲ್ಲಿ ನಮ್ಮೂರಿನಲ್ಲಿ ತಮ್ಮ ಮನೆ ವಿಠಲ ವಿಹಾರದಿಂದ ರೇಡಿಯೊ ಪ್ರಸಾರ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿ ಅವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ದೇಶದ ರೇಡಿಯೊಗೆಲ್ಲ ಆಕಾಶವಾಣಿ ಅನ್ನುವ ಹೆಸರು ಹೋದದ್ದು ಆ ಮನೆಯಿಂದ. ಬಿ.ಕಾಂ ಅಡ್ಡಿ ಅಲ್ಲ.

ಮಲೆನಾಡ ಕಿವಿ, ಸಾಗರ

ಮೇಡಂ ಬರೆದದ್ದನ್ನು ಮೂರು ಸಲ ಓದಿದೆ. ನಾಳೆ ತಂತಿ ಕೇಳಲು ಹೋಗುತ್ತೇನೆ.

ಅದಕ್ಕೆ ಮೊದಲು ನನ್ನ ಒಂದು ಕನಸನ್ನೂ ಇಲ್ಲಿ ಹೇಳಿಬಿಡುತ್ತೇನೆ, ಮನೆಯಲ್ಲಿ ಹೇಳಿದರೆ ಕೇಳುವವರಿಲ್ಲ. ನಮ್ಮದು ಹಳೇ ಮನೆ, ಜಗಲಿಯ ಎರಡೂ ಮೂಲೆ ದಪ್ಪ ಮಣ್ಣಿನ ಗೋಡೆ. ಅಮೆರಿಕದ ಪಾಲ್ ಕ್ಲಿಪ್ಶ್ 1946ರಲ್ಲಿ ಕ್ಲಿಪ್ಶ್‌ಹಾರ್ನ್ ಅನ್ನುವ ಕಹಳೆ ಸ್ಪೀಕರ್ ಮಾರಲು ತೊಡಗಿದಾಗ ಕೋಣೆಯ ಮೂಲೆಯನ್ನೇ ಕಹಳೆಯ ಬಾಯಿಯ ಮುಂದುವರಿಕೆ ಮಾಡಿಕೊಂಡಿದ್ದರು. 40 ಹರ್ಟ್ಜ್‌ನ ಒಂದು ಅಲೆ 8.6 ಮೀಟರ್ ಉದ್ದ. ಅಂಥದಕ್ಕೆ ನೆಟ್ಟಗೆ ಕಹಳೆ ಮಾಡಿದರೆ ಜಗಲಿ ದಾಟಿ ಅಂಗಳಕ್ಕೆ ಹೋಗುತ್ತದೆ, ಅವರು ಅದನ್ನು ಮಡಚಿ ಮಡಚಿ ಪೆಟ್ಟಿಗೆಯೊಳಗೆ ಸೇರಿಸಿ ಉಳಿದದ್ದನ್ನು ಗೋಡೆಗೆ ಬಿಟ್ಟರು. ರಾತ್ರಿ ಉತ್ತರ ಪತ್ರಿಕೆ ತಿದ್ದಿ ಮುಗಿದ ಮೇಲೆ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಆ ಮಡಿಕೆಗಳನ್ನು ಬರೆಯುತ್ತಾ ಕೂರುತ್ತೇನೆ. ಚಂಡೆಯ ಪೆಟ್ಟು ಕಹಳೆಯಿಂದ ಬಂದರೆ ಹೇಗಿರಬಹುದು ಅಂತ ಊಹಿಸುತ್ತೇನೆ. ಕಟ್ಟುತ್ತೇನೋ ಇಲ್ಲವೋ, ಬರೆದ ಪುಟ ಹನ್ನೊಂದಾಗಿವೆ.

ಹಲಸಿನ ಹಲಗೆ, ದೊಡ್ಡಬಳ್ಳಾಪುರ

ಮೇಷ್ಟ್ರೇ, ಆ ಹನ್ನೊಂದೂ ಪುಟದ ಫೋಟೊ ಹಾಕಿ. ಮಡಿಕೆಯ ಕೋನ ಕತ್ತರಿಸಲು ಜಿಗ್ ನಾನು ಮಾಡಿಕೊಡುತ್ತೇನೆ.

ಹಾಗೇ ನನ್ನ ಮೊದಲಿನ ಮಾತಿಗೆ ಒಂದು ತಿದ್ದುಪಡಿ. ಮರ ಬಾಯಿ ಮುಚ್ಚಬೇಕು ಅಂದೆ, ಅದಕ್ಕೆ ದಪ್ಪವೊಂದೇ ದಾರಿ ಅಲ್ಲ. ಬಿಬಿಸಿಯವರು ಎಪ್ಪತ್ತರ ದಶಕದಲ್ಲಿ ಪ್ರಸಾರದ ವ್ಯಾನಿನೊಳಗೆ ಇಡಲು ಎಲ್‌ಎಸ್3/5ಎ ಅನ್ನುವ ಪುಟ್ಟ ಮಾನಿಟರ್ ಮಾಡಿದಾಗ ಗೋಡೆ ತೆಳು ಬರ್ಚ್ ಪ್ಲೈ ಇಟ್ಟು, ಒಳಗೆ ಡಾಂಬರು ಹಾಳೆಯಂಥದ್ದು ಅಂಟಿಸಿ ಸದ್ದನ್ನು ಹೀರಿಸಿದರು. ಮಾತಿನ ದನಿಗೆ ಅದನ್ನು ಇಂದಿಗೂ ಮೆಚ್ಚುವವರಿದ್ದಾರೆ. ನಾನು 12 ಎಂಎಂನಲ್ಲಿ ಒಂದು ಜೊತೆ ಹಾಗೆ ಮಾಡಿ ನೋಡಿದೆ, ಮಾತು ನಿಜಕ್ಕೂ ಹಗುರಾಗಿ ಹೊರಗೆ ಬಂತು.

ತಂಬೂರಿ, ಧಾರವಾಡ

ಸರ್, ಕ್ಯಾಸೆಟ್ ಯಾವುದರಾಗ ಹಚ್ಚಾಕತ್ತೀರಿ? ಬ್ಯಾರೆ ಡೆಕ್ ಇದ್ರ ಹೆಡ್ಡಿನ ಮಗ್ಗಲ ಸ್ಪ್ರಿಂಗ್ ಇದ್ದ ಸಣ್ಣ ಸ್ಕ್ರೂ ಅದ ನೋಡ್ರಿ, ಅಜಿಮತ್ ಅಂತಾರ. ರೆಕಾರ್ಡ್ ಮಾಡಿದ ಮಷಿನ್ನಿನ ಹೆಡ್ ಯಾವ ಕೋನದಾಗಿತ್ತೋ ಅದ ಕೋನಕ್ಕ ನಿಮ್ಮ ಹೆಡ್ ಬರಬೇಕು. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದ್ರೂ ಮ್ಯಾಲಿನ ಸ್ವರೆಲ್ಲ ಮಾಯ. ನಮ್ಮ ತಂದಿಯವರ ಟೇಪ್ ಎಲ್ಲಾ ಹಿಂಗ ಮಂಕಾಗ್ಯಾವ ಅಂತ ನಾನು ಎಷ್ಟು ವರ್ಷ ತಿಳ್ಕೊಂಡಿದ್ನಿ. ಹೆಡ್ ಒರೆಸಿ, ಮೋನೋ ಮಾಡಿ, ಸ್ಕ್ರೂ ಅಗದೀ ಸಾವಕಾಶ ತಿರುವ್ರಿ. ತಾಳದ ಸದ್ದು ಒಮ್ಮೆಲೆ ಕಣ್ಣ ಬಿಟ್ಟಂಗ ಆಗ್ತದ, ಅಲ್ಲೇ ನಿಲ್ಲಸ್ರಿ.

ಮಲೆನಾಡ ಕಿವಿ, ಸಾಗರ

ಒಂದು ವಾರ ಬರೆಯಲಾಗಲಿಲ್ಲ. ಒಂದು ಪೆಟ್ಟಿಗೆ ಪೂರ್ತಿಯಾಗಿದೆ. ಜೋಬೆಲ್‌ಗೆ ಫ್ಯಾನಿನ ಕೆಪಾಸಿಟರೇ ಹಾಕಿದೆ. 1.2 ಕಾಯಿಲನ್ನು ಪಿವಿಸಿ ಪೈಪಿನ ತುಂಡಿನ ಮೇಲೆ ಸುತ್ತಿದೆ, ಬೆರಳ ತುದಿಗಳಲ್ಲಿ ಇನ್ನೂ ತಂತಿಯ ಗೆರೆ ಇದೆ. ಟ್ವೀಟರನ್ನು ಎರಡೂ ರೀತಿ ಕೇಳಿ ಉಲ್ಟಾದಲ್ಲೇ ಉಳಿಸಿಕೊಂಡೆ. ಇನ್ನೊಂದು ಪೆಟ್ಟಿಗೆಯನ್ನು ಹಾಗೇ ಬಿಟ್ಟು ಪಕ್ಕದಲ್ಲಿಟ್ಟು ಹೋಲಿಸಿದೆ. ಹಳೆಯದರಲ್ಲಿ ಭಾಗವತರು ಫೋನಿನಲ್ಲಿ ಹಾಡಿದಂತೆ, ಹೊಸದರಲ್ಲಿ ಎದೆ ಇದೆ.

ಆಮೇಲೆ ಅಜಿಮತ್. ಗಡಿಯಾರ ರಿಪೇರಿಯ ಸ್ಕ್ರೂಡ್ರೈವರ್ ಹಿಡಿದು 1987ರ ಕ್ಯಾಸೆಟ್ ಹಾಕಿದೆ. ಆ ಕ್ಯಾಸೆಟ್ಟಿನಲ್ಲಿ ಮೊದಲಿನಿಂದ ಕೊನೆಯವರೆಗೂ ಒಂದು “ಶ್” ಸದ್ದಿದೆ, ಟೇಪು ಸವೆದಿದೆ ಅಂತ ನಾವೆಲ್ಲ ತಿಳಿದಿದ್ದೆವು. ಕಾಲು ಸುತ್ತು ತಿರುಗಿಸಿದಾಗ ತಾಳ ಕಣ್ಣು ಬಿಟ್ಟಿತು, ತಂಬೂರಿ ಅಕ್ಕ ಹೇಳಿದ ಹಾಗೇ. ಅದರ ಜೊತೆ ಆ “ಶ್” ಕೂಡ ಬಿಡಿಸಿಕೊಂಡಿತು. ಒಂದೇ ಸಮನೆ ಇರಲಿಲ್ಲ ಅದು. ಜೋರಾಗುತ್ತದೆ, ತಗ್ಗುತ್ತದೆ, ನಡುನಡುವೆ ಟಪಟಪ ಹನಿ. ಅಪ್ಪಯ್ಯ ಕಿವಿಗೊಟ್ಟು ಕೇಳಿ ಹೇಳಿದರು, “ಅದು ಮಳೆ. ಅವತ್ತು ತಗಡಿನ ಚಪ್ಪರ ಹಾಕಿದ್ದ.”

ಇನ್ನೊಂದು ಹತ್ತು ನಿಮಿಷ ಬಿಟ್ಟು ಕೈಯೆತ್ತಿ ನಿಲ್ಲಿಸಲು ಹೇಳಿದರು. ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದೆ. ಪದ್ಯದ ಮುಕ್ತಾಯದಲ್ಲಿ ಅವರು ಒಂದು ಪೆಟ್ಟು ಮುಂದೆ ಹೋಗಿದ್ದರಂತೆ, ಭಾಗವತರು ಒಂದು ಅಕ್ಷರ ಎಳೆದು ಕಾದು ಸೇರಿಸಿಕೊಂಡರಂತೆ. ಮೂರು ಸಲ ಹಾಕಿಸಿದರು. ಮೂರನೆಯ ಸಲ ನನಗೂ ಕೇಳಿಸಿತು.

ತಂತಿ ಒಂದೇ ಕಾಯಿಲಿಗೆ ಆಯಿತು. ರಿವೈಂಡಿಂಗ್ ಅಂಗಡಿಯವರು ಸೋಮವಾರ ತರಿಸಿಕೊಡುತ್ತೇನೆ ಅಂದಿದ್ದಾರೆ. ಎರಡನೆಯ ಪೆಟ್ಟಿಗೆ ಆದ ಕೂಡಲೇ ಬರೆಯುತ್ತೇನೆ. ಕಹಳೆಯ ಫೋಟೊ ನಾಳೆ ಹಾಕುತ್ತೇನೆ.